ಹತ್ತು ನಿಮಿಷದ ಲಕ್ವ, ಕತ್ತಿನ ಸ್ಕ್ಯಾನಿಂಗ್

ಕೊರಟಗೆರೆ ಕಡೆಯ ಹಳ್ಳಿಯ ರೈತರೊಬ್ಬರು ಕೆಮ್ಮಿಗೆ ಔಷಧಿ ಬರೆಸಿಕೊಳ್ಳಲು ಬಂದಿದ್ದರು. ವಯಸ್ಸು ಅರವತ್ತರ ಆಸುಪಾಸು. ಚೀಟಿ ತೆಗೆದುಕೊಂಡು ಏಳುವಾಗ ಜೊತೆಯಲ್ಲಿದ್ದ ಅವರ ಪತ್ನಿ, "ಸೋಮ್ವಾರ ಕಡ್ಲೆಕಾಯಿ ಬಿಡಿಸ್ತಿದ್ದೋರು ಹಂಗೇ ಬಲಗೈ ಸೋತು ಕೂತ್ಬಿಟ್ರು ಸಾರ್. ಮಾತೂ ತೊದಲ್ತು" ಎಂದರು. ಯಜಮಾನರಿಗೆ ಸಿಟ್ಟು ಬಂತು. "ಏನಿಲ್ಲ ಬುಡಿ ಸಾರ್, ಬಿಸ್ಲಿಗೆ ಹಂಗಾಗಿತ್ತು. ಹತ್ತು ನಿಮ್ಷಕ್ಕೆ ಸರಿಹೋಯ್ತಲ್ಲ!" ಎಂದು ಹೊರಡಲು ಅಣಿಯಾದರು. ಅಂದು ಗುರುವಾರ.

ಅವರನ್ನು ಮತ್ತೆ ಕೂರಿಸಿ ಪರೀಕ್ಷಿಸಿದೆ. ಕೈಯ ಹಿಡಿತ ಸರಿಯಾಗಿತ್ತು, ಮಾತೂ ಸ್ಪಷ್ಟವಾಗಿತ್ತು. ಆದರೆ ರಕ್ತದೊತ್ತಡ 180/100 ಇತ್ತು. ದಿನಕ್ಕೆ ಒಂದು ಕಟ್ಟು ಬೀಡಿ ಸೇದುವ ಅಭ್ಯಾಸ ಬೇರೆ. ಅಂದೇ ತುಮಕೂರಿಗೆ ಕಳುಹಿಸಿ ತಲೆಯ ಸಿ.ಟಿ. ಸ್ಕ್ಯಾನ್, ಇ.ಸಿ.ಜಿ. ಮತ್ತು ಕತ್ತಿನ ಡಾಪ್ಲರ್ ಸ್ಕ್ಯಾನಿಂಗ್ ಮಾಡಿಸಿದೆವು. ಮಿದುಳಿಗೆ ರಕ್ತ ಒಯ್ಯುವ ಎಡಗತ್ತಿನ ರಕ್ತನಾಳ ಶೇಕಡಾ 80ರಷ್ಟು ಕಿರಿದಾಗಿತ್ತು. ಮರುವಾರವೇ ಬೆಂಗಳೂರಿನಲ್ಲಿ ಶಸ್ತ್ರಚಿಕಿತ್ಸೆ ಆಯಿತು. ಇಂದು ಅವರು ಹೊಲದ ಕೆಲಸ ತಾವೇ ನೋಡಿಕೊಳ್ಳುತ್ತಾರೆ.

ಅದೇ ತಿಂಗಳು ಮಧುಗಿರಿಯ ನಿವೃತ್ತ ಶಿಕ್ಷಕರೊಬ್ಬರು ದಪ್ಪ ಫೈಲು ಹಿಡಿದು ಬಂದರು. ಮಗ ಬೆಂಗಳೂರಿನಲ್ಲಿ ಅಡಿಯಿಂದ ಮುಡಿಯವರೆಗಿನ ತಪಾಸಣೆ ಮಾಡಿಸಿದ್ದ. ಕತ್ತಿನ ಸ್ಕ್ಯಾನಿಂಗ್ ವರದಿಯಲ್ಲಿ "ಪ್ಲಾಕ್ ಇದೆ, ಶೇಕಡಾ 30ಕ್ಕಿಂತ ಕಡಿಮೆ" ಎಂದಿತ್ತು. ಮೇಷ್ಟ್ರಿಗೆ ನಾಲ್ಕು ರಾತ್ರಿಯಿಂದ ನಿದ್ದೆಯಿಲ್ಲ. "ಆಪರೇಷನ್ ಬೇಕಾಗುತ್ತದೆಯೇ ಡಾಕ್ಟ್ರೇ?" ಎಂಬ ಒಂದೇ ಪ್ರಶ್ನೆ. ಅವರಿಗೆ ಕೈ ಸೋತಿರಲಿಲ್ಲ, ಮಾತು ತೊದಲಿರಲಿಲ್ಲ. ಬಿ.ಪಿ. ನೋಡಿದರೆ 170/100. "ಮಾತ್ರೆ ತಗೊಳ್ತಿದ್ದೀರಾ?" ಎಂದು ಕೇಳಿದೆ. "ತಲೆನೋವು ಏನೂ ಇರಲಿಲ್ಲ, ಆರು ತಿಂಗಳ ಹಿಂದೆಯೇ ಬಿಟ್ಟೆ" ಎಂದರು.

ಪರೀಕ್ಷೆ ಒಂದೇ. ಮೊದಲನೆಯವರಿಗೆ ಅದು ಕೈ, ಮಾತು, ಬಹುಶಃ ಜೀವವನ್ನೂ ಉಳಿಸಿತು. ಎರಡನೆಯವರ ನಿದ್ದೆ ಕೆಡಿಸಿತು, ಅವರ ನಿಜವಾದ ಅಪಾಯವನ್ನು ಮರೆಸಿತು. ಕತ್ತಿನ ಸ್ಕ್ಯಾನಿಂಗ್ ಏನನ್ನು ತೋರಿಸುತ್ತದೆ, ಯಾರಿಗೆ ಬೇಕು, ಯಾವಾಗ ಬೇಕು ಎಂಬುದನ್ನು ಈ ವಾರ ನೋಡೋಣ.

ಮಿದುಳಿಗೆ ರಕ್ತದ ದಾರಿ

ನಮ್ಮ ದೇಹದ ತೂಕದಲ್ಲಿ ಮಿದುಳಿನ ಪಾಲು ಶೇಕಡಾ 2ರಷ್ಟು ಮಾತ್ರ. ಆದರೆ ಹೃದಯ ಪಂಪು ಮಾಡುವ ರಕ್ತದಲ್ಲಿ ಸುಮಾರು ಶೇಕಡಾ 15ರಷ್ಟು ಅದಕ್ಕೇ ಬೇಕು. ಈ ರಕ್ತ ನಾಲ್ಕು ನಾಳಗಳ ಮೂಲಕ ಮೇಲೇರುತ್ತದೆ. ಕತ್ತಿನ ಮುಂಭಾಗದಲ್ಲಿ ಎಡಕ್ಕೊಂದು ಬಲಕ್ಕೊಂದು ಕೆರಾಟಿಡ್ ಅಪಧಮನಿಗಳಿವೆ. ಕತ್ತಿನ ಮೂಳೆಗಳ ನಡುವೆ ಇನ್ನೆರಡು ಸಣ್ಣ ನಾಳಗಳಿವೆ. ಗಂಟಲ ಪಕ್ಕದಲ್ಲಿ ಬೆರಳಿಟ್ಟಾಗ ಮಿಡಿಯುವುದು ಇದೇ ಕೆರಾಟಿಡ್.

ದವಡೆಯ ಕೆಳಗೆ ಈ ನಾಳ ಎರಡಾಗಿ ಕವಲೊಡೆಯುತ್ತದೆ. ಒಂದು ಕವಲು ಮುಖಕ್ಕೆ, ಇನ್ನೊಂದು ಮಿದುಳಿಗೆ ಮತ್ತು ಕಣ್ಣಿಗೆ. ಕಾಲುವೆ ಕವಲೊಡೆಯುವಲ್ಲಿ ನೀರು ಸುಳಿ ತಿರುಗಿ ಹೂಳು ನಿಲ್ಲುವಂತೆ, ರಕ್ತದ ಓಟ ಏರುಪೇರಾಗುವ ಈ ಕವಲಿನಲ್ಲಿಯೇ ಕೊಬ್ಬು ಸೇರಿಕೊಳ್ಳುವುದು ಹೆಚ್ಚು.

ನಮ್ಮ ಕಡೆ ಬೋರ್‌ವೆಲ್ ಪೈಪಿನೊಳಗೆ ಬಿಳಿ ಉಪ್ಪು ಕಟ್ಟುವುದನ್ನು ಎಲ್ಲರೂ ಕಂಡಿದ್ದಾರೆ. ರಕ್ತನಾಳದಲ್ಲೂ ಹಾಗೆಯೇ ಕಟ್ಟುತ್ತದೆ ಎಂದು ಅನೇಕರು ತಿಳಿದಿದ್ದಾರೆ. ಆದರೆ ಕೊಬ್ಬು ನಾಳದ ಒಳಮೈ ಮೇಲೆ ಅಂಟುವುದಿಲ್ಲ, ಗೋಡೆಯ ಒಳಗೇ ಸೇರಿಕೊಳ್ಳುತ್ತದೆ. ತೇವ ಹಿಡಿದ ಗೋಡೆಯ ಗಾರೆ ಉಬ್ಬುವುದಿಲ್ಲವೇ? ಅದೇ ಬಗೆ. ಈ ಉಬ್ಬನ್ನೇ ಪ್ಲಾಕ್ ಎನ್ನುತ್ತಾರೆ. ಅಧಿಕ ರಕ್ತದೊತ್ತಡ, ಬೀಡಿ ಸಿಗರೇಟು, ಸಕ್ಕರೆ ಕಾಯಿಲೆ, ರಕ್ತದಲ್ಲಿ ಹೆಚ್ಚಿದ ಕೊಲೆಸ್ಟರಾಲ್, ಏರುವ ವಯಸ್ಸು ಇದಕ್ಕೆ ಕಾರಣಗಳು.

ಉಬ್ಬಿದ ಗಾರೆ ಒಂದು ದಿನ ಒಡೆಯುತ್ತದೆ. ಒಡೆದ ಜಾಗದಲ್ಲಿ ರಕ್ತ ಹೆಪ್ಪುಗಟ್ಟುತ್ತದೆ. ಆ ಹೆಪ್ಪಿನ ಚೂರು ಹರಿವಿನ ಜೊತೆ ಮೇಲೇರಿ ಮಿದುಳಿನ ಸಣ್ಣ ನಾಳದಲ್ಲಿ ಸಿಕ್ಕಿಕೊಂಡರೆ ಅದರ ಮುಂದಿನ ಭಾಗಕ್ಕೆ ರಕ್ತವಿಲ್ಲ. ಇದೇ ಪಾರ್ಶ್ವವಾಯು; ನಮ್ಮ ಜನರ ಮಾತಿನಲ್ಲಿ ಲಕ್ವ. ಚೂರು ಚಿಕ್ಕದಿದ್ದು ಕೂಡಲೇ ಕರಗಿಹೋದರೆ ಕೈ ಮತ್ತೆ ಏಳುತ್ತದೆ, ಮಾತು ಮರಳುತ್ತದೆ. ಆ ರೈತರಿಗೆ ಕಡಲೆಕಾಯಿ ಬಿಡಿಸುವಾಗ ಆದದ್ದು ಇದು. ವೈದ್ಯರು ಇದನ್ನು ಟಿ.ಐ.ಎ. ಎನ್ನುತ್ತಾರೆ. ತಾತ್ಕಾಲಿಕ ಲಕ್ವ ಎನ್ನೋಣ.

ಸದ್ದಿನಿಂದ ಚಿತ್ರ

ಸ್ಕ್ಯಾನಿಂಗ್ ಎಂದರೆ ಬಸುರಿಯರಿಗೆ ಮಾತ್ರ ಎಂಬ ಭಾವನೆ ಹಳ್ಳಿಗಳಲ್ಲಿ ಇನ್ನೂ ಇದೆ. ಹೊರಗೆ ಭ್ರೂಣಲಿಂಗ ಪತ್ತೆ ಮಾಡುವುದಿಲ್ಲ ಎಂಬ ಫಲಕ ನೋಡಿದ ಮೇಲಂತೂ ಸಂಶಯವೇ ಉಳಿಯುವುದಿಲ್ಲ. 1994ರ ಕಾಯಿದೆಯ ಪ್ರಕಾರ ಸ್ಕ್ಯಾನಿಂಗ್ ಯಂತ್ರವಿರುವ ಕೇಂದ್ರ ಆ ಫಲಕ ಹಾಕಲೇಬೇಕು. "ಬಸ್ರೀರ ಸಾಲ್ನಲ್ಲಿ ನಾನ್ ಕೂತ್ಕೊಳ್ಳಾದಾ?" ಎಂದು ನಮ್ಮ ರೈತರೂ ನಾಚಿಕೊಂಡಿದ್ದರು. ಯಂತ್ರ ಅದೇ, ಕತ್ತಿಗೆ ಇಡುವ ಹಿಡಿ ಮಾತ್ರ ಬೇರೆ.

ಈ ಹಿಡಿಯಿಂದ ಹೊರಡುವ ಶಬ್ದ ನಮ್ಮ ಕಿವಿಗೆ ಕೇಳುವುದಿಲ್ಲ. ಮನುಷ್ಯನ ಕಿವಿ ಸೆಕೆಂಡಿಗೆ ಹೆಚ್ಚೆಂದರೆ 20 ಸಾವಿರ ಕಂಪನಗಳ ಶಬ್ದವನ್ನು ಕೇಳಬಲ್ಲದು. ಕತ್ತಿನ ಸ್ಕ್ಯಾನಿಂಗಿನಲ್ಲಿ ಬಳಸುವ ಶಬ್ದ 50 ಲಕ್ಷದಿಂದ ಒಂದು ಕೋಟಿಗೂ ಹೆಚ್ಚು ಕಂಪನಗಳದ್ದು. ಅದು ಒಳಗೆ ಹೋಗಿ, ನಾಳದ ಗೋಡೆಗೆ ತಾಕಿ, ಪ್ರತಿಧ್ವನಿಯಾಗಿ ಮರಳುತ್ತದೆ. ಮಧುಗಿರಿ ಬೆಟ್ಟದ ಬಂಡೆಗೆ ಕೂಗು ಹಾಕಿದರೆ ಅದು ಹಿಂದಿರುಗುವಂತೆ. ಮರಳಿ ಬರಲು ಹಿಡಿದ ವೇಳೆಯನ್ನು ಯಂತ್ರ ಲೆಕ್ಕ ಹಾಕಿ ಪರದೆಯ ಮೇಲೆ ಚಿತ್ರ ಬಿಡಿಸುತ್ತದೆ. ಗೋಡೆ ಎಷ್ಟು ದಪ್ಪ, ಉಬ್ಬು ಎಲ್ಲಿದೆ ಎಂಬುದು ಕಾಣುತ್ತದೆ.

ಡಾಪ್ಲರ್ ಎಂಬುದು ಇದರ ಎರಡನೆಯ ಭಾಗ. ಶಿರಾ ಹೆದ್ದಾರಿಯ ಬದಿಯಲ್ಲಿ ನಿಂತು ಗಮನಿಸಿ. ಹಾರ್ನ್ ಮಾಡುತ್ತ ಎದುರು ಬರುವ ಲಾರಿಯ ಸದ್ದು ಕೀರಲಾಗಿರುತ್ತದೆ, ನಮ್ಮನ್ನು ದಾಟಿದೊಡನೆ ದಪ್ಪವಾಗುತ್ತದೆ. ಇದರ ತತ್ವವನ್ನು 1842ರಲ್ಲಿ ವಿವರಿಸಿದವರು ಆಸ್ಟ್ರಿಯದ ವಿಜ್ಞಾನಿ ಕ್ರಿಶ್ಚಿಯನ್ ಡಾಪ್ಲರ್. ರಕ್ತಕಣಗಳೂ ಓಡುವ ಲಾರಿಗಳಂತೆಯೇ. ಅವುಗಳಿಗೆ ತಾಗಿ ಮರಳುವ ಸದ್ದಿನ ವ್ಯತ್ಯಾಸದಿಂದ ರಕ್ತದ ವೇಗ ತಿಳಿಯುತ್ತದೆ.

ವೇಗ ತಿಳಿದರೆ ಏನು ಲಾಭ? ತೋಟಕ್ಕೆ ನೀರು ಬಿಡುವ ಪೈಪಿನ ಬಾಯಿಯನ್ನು ಹೆಬ್ಬೆರಳಿನಿಂದ ಅರ್ಧ ಮುಚ್ಚಿ. ನೀರು ರಭಸದಿಂದ ಚಿಮ್ಮುತ್ತದೆ. ನಾಳ ಕಿರಿದಾದಲ್ಲಿಯೂ ರಕ್ತ ಹಾಗೆಯೇ ವೇಗವಾಗಿ ಓಡುತ್ತದೆ. ಸಾಮಾನ್ಯ ಲೆಕ್ಕದಲ್ಲಿ, ಮಿದುಳಿಗೆ ಹೋಗುವ ಕವಲಿನಲ್ಲಿ ಗರಿಷ್ಠ ವೇಗ ಸೆಕೆಂಡಿಗೆ 125 ಸೆಂ.ಮೀ.ಗಿಂತ ಕಡಿಮೆ ಇದ್ದರೆ ಕಿರಿದಾಗಿರುವುದು ಶೇಕಡಾ 50ಕ್ಕಿಂತ ಕಡಿಮೆ. ವೇಗ 230 ಸೆಂ.ಮೀ. ದಾಟಿದರೆ ಶೇಕಡಾ 70 ಅಥವಾ ಅದಕ್ಕೂ ಹೆಚ್ಚು ಎಂದು ಅಂದಾಜು.

ಪರೀಕ್ಷೆಗೆ ಸೂಜಿ ಚುಚ್ಚುವುದಿಲ್ಲ, ಬಣ್ಣದ ಔಷಧಿ ಕೊಡುವುದಿಲ್ಲ, ಎಕ್ಸ್-ರೇ ಕಿರಣವೂ ಇಲ್ಲ. ಖಾಲಿ ಹೊಟ್ಟೆಯಲ್ಲಿ ಹೋಗಬೇಕಾಗಿಲ್ಲ. ಅಂಗಾತ ಮಲಗಿ ಕತ್ತು ಸ್ವಲ್ಪ ಹೊರಳಿಸಿದರೆ ಸಾಕು. ತಣ್ಣನೆಯ ಜೆಲ್ ಹಚ್ಚಿ ಅರ್ಧ ಗಂಟೆಯೊಳಗೆ ಮುಗಿಸುತ್ತಾರೆ. ಪರದೆಯ ಮೇಲೆ ಕಾಣುವ ಕೆಂಪು, ನೀಲಿ ಬಣ್ಣಗಳನ್ನು ನೋಡಿ ಗಾಬರಿಯಾಗಬೇಡಿ. ರಕ್ತ ಹಿಡಿಯ ಕಡೆಗೆ ಬರುತ್ತಿದೆಯೇ, ದೂರ ಹೋಗುತ್ತಿದೆಯೇ ಎಂದು ತೋರಿಸಲು ಯಂತ್ರ ಬಳಿಯುವ ಬಣ್ಣ ಅದು.

ವರದಿಯಲ್ಲಿ ಏನು ನೋಡಬೇಕು?

ಶೇಕಡಾವಾರು ಅಂಕಿ ಮುಖ್ಯ. ಅದರಷ್ಟೇ ಮುಖ್ಯವಾದದ್ದು ಪ್ಲಾಕಿನ ಗುಣ. ಸುಣ್ಣದಂಶ ಸೇರಿ ಗಟ್ಟಿಯಾದ ಪ್ಲಾಕ್ ಪರದೆಯ ಮೇಲೆ ಬೆಳ್ಳಗೆ ಕಾಣುತ್ತದೆ. ಕೊಬ್ಬು ತುಂಬಿದ ಮೆತ್ತನೆಯ ಪ್ಲಾಕ್ ಕಪ್ಪಾಗಿ ಕಾಣುತ್ತದೆ. ಒಡೆಯುವ ಭಯ ಹೆಚ್ಚಿರುವುದು ಮೆತ್ತನೆಯದಕ್ಕೆ. ಮೇಲ್ಮೈ ನಯವಾಗಿದೆಯೇ, ಹುಣ್ಣಾಗಿದೆಯೇ ಎಂದೂ ನೋಡುತ್ತಾರೆ. ಎಲ್ಲಕ್ಕಿಂತ ದೊಡ್ಡ ಪ್ರಶ್ನೆ ವರದಿಯಲ್ಲಿ ಇರುವುದೇ ಇಲ್ಲ: ಈ ವ್ಯಕ್ತಿಗೆ ಈಚೆಗೆ ಕೈ ಸೋತಿತ್ತೇ, ಮಾತು ತೊದಲಿತ್ತೇ? ಅದಕ್ಕೆ ಉತ್ತರ ಮನೆಯವರಲ್ಲಿದೆ.

ಉತ್ತರ ಅಮೆರಿಕದಲ್ಲಿ ನಡೆದು 1991ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದು ಇದನ್ನು ಸ್ಪಷ್ಟಪಡಿಸಿತು. ತಾತ್ಕಾಲಿಕ ಲಕ್ವ ಅಥವಾ ಸಣ್ಣ ಪಾರ್ಶ್ವವಾಯು ಆಗಿ, ನಾಳ ಶೇಕಡಾ 70ಕ್ಕಿಂತ ಹೆಚ್ಚು ಕಿರಿದಾಗಿದ್ದವರನ್ನು ಎರಡು ಗುಂಪು ಮಾಡಿದರು. ಔಷಧಿ ಮಾತ್ರ ಪಡೆದವರಲ್ಲಿ ಎರಡು ವರ್ಷದೊಳಗೆ 100ಕ್ಕೆ 26 ಮಂದಿಗೆ ಅದೇ ಬದಿಯ ಪಾರ್ಶ್ವವಾಯು ಬಡಿಯಿತು. ಪ್ಲಾಕ್ ತೆಗೆಯುವ ಶಸ್ತ್ರಚಿಕಿತ್ಸೆಯನ್ನೂ ಪಡೆದವರಲ್ಲಿ ಈ ಸಂಖ್ಯೆ 9. ಇಂದು ಔಷಧಿಗಳು ಅಂದಿಗಿಂತ ಉತ್ತಮಗೊಂಡಿವೆ. ಆದರೂ ಇಂತಹವರಿಗೆ ಶಸ್ತ್ರಚಿಕಿತ್ಸೆ, ಕೆಲವರಿಗೆ ಸ್ಟೆಂಟ್, ಈಗಲೂ ಮುಖ್ಯ ಚಿಕಿತ್ಸೆಯೇ. ಲಕ್ಷಣ ಕಂಡ ಎರಡು ವಾರದೊಳಗೆ ಮಾಡಿದರೆ ಲಾಭ ಹೆಚ್ಚು. ತಡವಾದಷ್ಟೂ ಲಾಭ ಕಡಿಮೆ.

ಲಕ್ಷಣವೇ ಇಲ್ಲದವರ ಮಾತು ಬೇರೆ. ಅಮೆರಿಕದ ರೋಗತಡೆ ಸಲಹಾ ಮಂಡಳಿ 2014ರಲ್ಲಿ, ಮತ್ತೆ 2021ರಲ್ಲಿ, ಲಕ್ಷಣವಿಲ್ಲದ ಸಾಮಾನ್ಯ ವಯಸ್ಕರಿಗೆ ಈ ತಪಾಸಣೆ ಬೇಡವೆಂದೇ ಹೇಳಿತು. ಏಕೆಂದರೆ ಅವರಲ್ಲಿ ತೀವ್ರವಾಗಿ ಕಿರಿದಾದ ನಾಳ ಸಿಗುವುದು ವಿರಳ. ಇಲ್ಲದ ದೋಷ ಇದೆ ಎಂದು ಸ್ಕ್ಯಾನಿಂಗ್ ತೋರಿಸಬಹುದು. ಆ ಬೆನ್ನು ಹಿಡಿದು ನಡೆಯುವ ಶಸ್ತ್ರಚಿಕಿತ್ಸೆಯಿಂದಲೇ ಕೆಲವರಿಗೆ ಪಾರ್ಶ್ವವಾಯು ಆಗಬಹುದು. ಲಕ್ಷಣವಿಲ್ಲದಿದ್ದರೂ ನಾಳ ಬಹಳ ಕಿರಿದಾಗಿರುವುದು ಕಂಡುಬಂದರೆ, ತಜ್ಞರು ವಯಸ್ಸು, ಪ್ಲಾಕಿನ ಗುಣ ಎಲ್ಲ ನೋಡಿ ಒಬ್ಬೊಬ್ಬರಿಗೂ ಬೇರೆ ಬೇರೆ ತೀರ್ಮಾನ ಮಾಡುತ್ತಾರೆ. ನಮ್ಮ ಮೇಷ್ಟ್ರ ಶೇಕಡಾ 30ಕ್ಕೆ ಶಸ್ತ್ರಚಿಕಿತ್ಸೆಯ ಪ್ರಶ್ನೆಯೇ ಇಲ್ಲ. ಅವರಿಗೆ ಬೇಕಾದದ್ದು ಬಿಟ್ಟುಹೋದ ಬಿ.ಪಿ. ಮಾತ್ರೆ ಮತ್ತು ಕೊಲೆಸ್ಟರಾಲ್ ಇಳಿಸುವ ಮಾತ್ರೆ.

ಸರಿಹೋಯಿತೆಂದು ಸುಮ್ಮನಾಗಬೇಡಿ

ತಾತ್ಕಾಲಿಕ ಲಕ್ವದ ಮೋಸ ಇರುವುದೇ ಅದು ವಾಸಿಯಾಗುವುದರಲ್ಲಿ. ನೋವಿಲ್ಲ, ರಕ್ತವಿಲ್ಲ. ಬಿಸಿಲು, ಪಿತ್ತ, ಗಾಳಿ ಸೋಕಿದ್ದು ಎಂದು ಮನೆಯವರು ಸಮಾಧಾನ ಮಾಡಿಕೊಳ್ಳುತ್ತಾರೆ. ಆದರೆ ಸರಿಯಾದ ಚಿಕಿತ್ಸೆ ಸಿಗದಿದ್ದರೆ ಇಂತಹ 100 ಜನರಲ್ಲಿ ಸುಮಾರು 10 ಮಂದಿಗೆ ಮೂರು ತಿಂಗಳೊಳಗೆ ಪೂರ್ಣ ಪಾರ್ಶ್ವವಾಯು ಬಡಿಯುತ್ತದೆ. ಅವರಲ್ಲಿ ಅರ್ಧದಷ್ಟು ಜನರಿಗೆ ಮೊದಲ ಎರಡು ದಿನಗಳಲ್ಲೇ. ನಮ್ಮ ರೈತರು ಸೋಮವಾರದಿಂದ ಗುರುವಾರದವರೆಗೆ ಪಾರಾಗಿದ್ದು ಅದೃಷ್ಟ.

ಎಲ್ಲರಿಗೂ ಆ ಅದೃಷ್ಟ ಇರುವುದಿಲ್ಲ. ಪಾವಗಡ ಕಡೆಯ ತಾಯಿಯೊಬ್ಬರಿಗೆ ಹೀಗೆಯೇ ಕಾಲು ಗಂಟೆ ಬಾಯಿ ಸೊಟ್ಟಗಾಗಿ ಸರಿಹೋಯಿತು. ಮನೆಯವರು ಲಕ್ವಕ್ಕೆ ಒಳ್ಳೆಯದೆಂದು ಪಾರಿವಾಳದ ರಕ್ತ ಸವರಿಸಿದರು. ಮೂರನೆಯ ದಿನ ಬೆಳಗ್ಗೆ ಅವರು ಏಳಲಿಲ್ಲ; ಎಡಭಾಗ ಪೂರ್ತಿ ಹೋಗಿತ್ತು. ಆಮೇಲೆ ಮಾಡಿಸಿದ ಸ್ಕ್ಯಾನಿಂಗ್ ಕಾರಣವನ್ನು ತೋರಿಸಿತು, ಹೋದ ಕೈಕಾಲನ್ನು ತಂದುಕೊಡಲಿಲ್ಲ. ಪಾರಿವಾಳದ ರಕ್ತಕ್ಕೆ ಪಾರ್ಶ್ವವಾಯುವನ್ನು ಗುಣಪಡಿಸುವ ಯಾವ ಶಕ್ತಿಯೂ ಇಲ್ಲ. ಅದರಿಂದ ಆಗುವ ದೊಡ್ಡ ನಷ್ಟ, ಕಳೆದುಹೋಗುವ ಆ ಎರಡು ದಿನ.

ಬೇಗ ಬಂದರೆ ಎಷ್ಟು ಲಾಭ? ಇಂಗ್ಲೆಂಡಿನ ಆಕ್ಸ್‌ಫರ್ಡ್‌ನಲ್ಲಿ ನಡೆದು 2007ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಇಂತಹ ರೋಗಿಗಳಿಗೆ ತಡಮಾಡದೆ ಪರೀಕ್ಷೆ ನಡೆಸಿ ಔಷಧಿ ಆರಂಭಿಸಿದಾಗ, ಮೂರು ತಿಂಗಳಲ್ಲಿ ಮತ್ತೆ ಪಾರ್ಶ್ವವಾಯು ಆಗುವವರ ಪ್ರಮಾಣ ಶೇಕಡಾ 10.3ರಿಂದ 2.1ಕ್ಕೆ ಇಳಿಯಿತು. ಅಲ್ಲಿ ಬಳಸಿದ ಔಷಧಿಗಳು ನಮ್ಮ ಔಷಧಿ ಅಂಗಡಿಗಳಲ್ಲೂ ಸಿಗುವಂಥವೇ.

ಈ ಲಕ್ಷಣಗಳನ್ನು ಮನೆಮಂದಿಯೆಲ್ಲ ತಿಳಿದಿರಬೇಕು:

• ನಕ್ಕಾಗ ಬಾಯಿ ಒಂದು ಕಡೆ ಸೊಟ್ಟಗಾಗುವುದು.
• ಎರಡೂ ಕೈ ಮುಂದೆ ಚಾಚಿದಾಗ ಒಂದು ಕೈ ಕೆಳಗಿಳಿಯುವುದು, ಒಂದು ಕಡೆಯ ಕೈಕಾಲು ಜೋಮು ಹಿಡಿಯುವುದು.
• ಮಾತು ತೊದಲುವುದು, ಪದ ಸಿಗದಿರುವುದು, ಹೇಳಿದ್ದು ಅರ್ಥವಾಗದಿರುವುದು.
• ಒಂದು ಕಣ್ಣಿಗೆ ಪರದೆ ಎಳೆದಂತೆ ದಿಢೀರನೆ ಕತ್ತಲಾಗುವುದು.
• ಇದ್ದಕ್ಕಿದ್ದಂತೆ ನಡಿಗೆ ಓಲಾಡುವುದು, ಎರಡೆರಡಾಗಿ ಕಾಣುವುದು.

ಸ್ಕ್ಯಾನಿಂಗಿಗೆ ಕಾಣದ ಜಾಗ

ಕತ್ತಿನ ಡಾಪ್ಲರ್ ಸರಿಯಾಗಿದೆ ಎಂದರೆ ಲಕ್ವ ಬರುವುದಿಲ್ಲ ಎಂದು ಬರೆದುಕೊಟ್ಟಂತಲ್ಲ. ಭಾರತೀಯರಲ್ಲಿ ತಲೆಬುರುಡೆಯ ಒಳಗಿನ ನಾಳಗಳು ಕಿರಿದಾಗುವುದು ಪಾಶ್ಚಾತ್ಯರಿಗಿಂತ ಹೆಚ್ಚು. ಕತ್ತಿಗೆ ಇಟ್ಟ ಹಿಡಿಗೆ ಅದು ಕಾಣದು. ಬಿ.ಪಿ. ಮತ್ತು ಸಕ್ಕರೆ ಕಾಯಿಲೆಯಿಂದ ಮಿದುಳಿನ ಎಳೆಯಂತಹ ನಾಳಗಳು ಕೆಡುವುದೂ ಕಾಣದು. ಹೃದಯದ ಬಡಿತ ತಾಳತಪ್ಪಿದಾಗ ಹೃದಯದಲ್ಲೇ ಹೆಪ್ಪುಗಟ್ಟಿ ಮಿದುಳಿಗೆ ಹೋಗಬಹುದು. ಬಿ.ಪಿ. ಏರಿ ನಾಳ ಒಡೆದು ಮಿದುಳಿನೊಳಗೆ ರಕ್ತಸ್ರಾವವಾಗಬಹುದು. ಆದ್ದರಿಂದಲೇ ತಲೆಯ ಸ್ಕ್ಯಾನ್, ಇ.ಸಿ.ಜಿ., ಸಕ್ಕರೆ, ಕೊಲೆಸ್ಟರಾಲ್ ಎಲ್ಲವನ್ನೂ ಜೊತೆಗೆ ನೋಡುವುದು.

ಇಲ್ಲಿ ಒಂದು ಎಚ್ಚರಿಕೆ. ಹೃದಯಾಘಾತಕ್ಕೆ ಆಸ್ಪಿರಿನ್ ಕೊಡುತ್ತಾರೆಂದು ಕೇಳಿದ ಕೆಲವರು ಲಕ್ವ ಹೊಡೆದವರಿಗೂ ಮನೆಯಲ್ಲೇ ನುಂಗಿಸುತ್ತಾರೆ. ಮಿದುಳಿನಲ್ಲಿ ಹೆಪ್ಪುಗಟ್ಟಿದೆಯೋ ರಕ್ತ ಸೋರಿದೆಯೋ ಎಂದು ಹೊರಗಿನಿಂದ ಹೇಳಲಾಗದು. ಸೋರಿದ್ದರೆ ಆಸ್ಪಿರಿನ್‌ನಿಂದ ಕೇಡು. ಸ್ಕ್ಯಾನ್ ಆಗುವವರೆಗೆ ಏನನ್ನೂ ನುಂಗಿಸಬೇಡಿ. ನುಂಗುವ ಶಕ್ತಿಯೇ ಹೋಗಿದ್ದರೆ ಹನಿ ನೀರೂ ಶ್ವಾಸಕೋಶಕ್ಕೆ ಇಳಿಯುತ್ತದೆ.

ನಮ್ಮ ನಾಲ್ಕು ತಾಲ್ಲೂಕುಗಳಲ್ಲಿ

ನರರೋಗಗಳು ಪಟ್ಟಣದವರ ಕಾಯಿಲೆ ಎಂಬುದು ತಪ್ಪು ತಿಳಿವಳಿಕೆ. ನಿಮ್ಹಾನ್ಸ್‌ನ ಡಾ. ಎಂ. ಗೌರಿದೇವಿ ಅವರ ತಂಡ 1993ರಿಂದ 1995ರವರೆಗೆ ಬೆಂಗಳೂರು ನಗರ ಮತ್ತು ಸುತ್ತಲ ಹಳ್ಳಿಗಳಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಜನರ ಮನೆಮನೆ ಸಮೀಕ್ಷೆ ಮಾಡಿತು. ನರಸಂಬಂಧಿ ಕಾಯಿಲೆಗಳು ಒಟ್ಟಾರೆಯಾಗಿ ಪಟ್ಟಣಕ್ಕಿಂತ ಹಳ್ಳಿಗಳಲ್ಲಿ ಸುಮಾರು ಇಮ್ಮಡಿ ಕಂಡುಬಂದವು. 2022ರಲ್ಲಿ ರಾಜ್ಯ ಸರ್ಕಾರ ನಿಮ್ಹಾನ್ಸ್ ಜೊತೆ ಸೇರಿ ಕರ್ನಾಟಕ ಮಿದುಳು ಆರೋಗ್ಯ ಯೋಜನೆಯನ್ನು ಆರಂಭಿಸಿದ ಉದ್ದೇಶವೂ ಇಂತಹ ರೋಗಿಗಳನ್ನು ಜಿಲ್ಲೆಯ ಮಟ್ಟದಲ್ಲೇ ಗುರುತಿಸುವುದು.

ಹೆಪ್ಪಿನಿಂದಾದ ಪಾರ್ಶ್ವವಾಯುವಿಗೆ ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಪಾವಗಡದಿಂದ ತುಮಕೂರಿಗೆ ಸುಮಾರು 100 ಕಿ.ಮೀ., ಮಧುಗಿರಿಯಿಂದ 40 ಕಿ.ಮೀ.ಗೂ ಹೆಚ್ಚು. ಹಳ್ಳಿಯಿಂದ ತಾಲ್ಲೂಕು ಕೇಂದ್ರಕ್ಕೆ ಬರುವ ಹೊತ್ತು, ಸ್ಕ್ಯಾನ್ ಮಾಡುವ ಹೊತ್ತು ಕಳೆದರೆ ಪಾವಗಡದವರಿಗೆ ಯೋಚಿಸುತ್ತ ಕೂರಲು ಅರ್ಧ ಗಂಟೆಯೂ ಇಲ್ಲ. ಆದ್ದರಿಂದ:

1. ಲಕ್ಷಣ ಕಂಡ ಗಳಿಗೆಯಲ್ಲೇ 108ಕ್ಕೆ ಫೋನ್ ಮಾಡಿ. ಸಿ.ಟಿ. ಸ್ಕ್ಯಾನ್ ಇರುವ ಆಸ್ಪತ್ರೆಗೇ ಒಯ್ಯಬೇಕೆಂದು ಕೇಳಿ.

2. ರೋಗಿ ಕೊನೆಯ ಬಾರಿ ಸರಿಯಾಗಿದ್ದ ಗಂಟೆಯನ್ನು ಬರೆದಿಡಿ. ನಿದ್ದೆಯಿಂದ ಏಳುವಾಗಲೇ ಕೈ ಬಿದ್ದಿದ್ದರೆ ಮಲಗಿದ ಸಮಯ ಹೇಳಿ. ತೆಗೆದುಕೊಳ್ಳುತ್ತಿದ್ದ ಮಾತ್ರೆಗಳ ಚೀಟಿ ಜೊತೆಗಿರಲಿ.

3. ಹತ್ತು ನಿಮಿಷಕ್ಕೆ ಸರಿಹೋದರೂ ಅದೇ ದಿನ ಹೊರಡಿ. ಕತ್ತಿನ ಡಾಪ್ಲರ್ ಬೇಕೇ ಎಂದು ವೈದ್ಯರನ್ನು ನೀವೇ ಕೇಳಿ. ಈ ಪರೀಕ್ಷೆ ಮಾಡಬಲ್ಲವರು ಎಲ್ಲ ಊರಿನಲ್ಲಿ ಎಲ್ಲ ದಿನ ಸಿಗುವುದಿಲ್ಲ. ಮೊದಲೇ ಫೋನ್ ಮಾಡಿ ವಿಚಾರಿಸಿದರೆ ಒಂದು ದಿನ ಉಳಿಯುತ್ತದೆ.

4. ಶಸ್ತ್ರಚಿಕಿತ್ಸೆ ಬೇಕೆಂದಾಗ ಖರ್ಚಿಗೆ ಹೆದರಿ ಊರಿಗೆ ಮರಳಬೇಡಿ. ಬಿ.ಪಿ.ಎಲ್. ಕಾರ್ಡು ಇರುವವರು ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯ ಬಗ್ಗೆ ಆಸ್ಪತ್ರೆಯಲ್ಲೇ ವಿಚಾರಿಸಿ.

ಏನೂ ಲಕ್ಷಣವಿಲ್ಲದವರು ಏನು ಮಾಡಬೇಕು? ಮೂವತ್ತು ದಾಟಿದ ಎಲ್ಲರೂ ವರ್ಷಕ್ಕೊಮ್ಮೆಯಾದರೂ ಬಿ.ಪಿ. ಮತ್ತು ಸಕ್ಕರೆ ನೋಡಿಸಿಕೊಳ್ಳಿ. ಸರ್ಕಾರಿ ಆಸ್ಪತ್ರೆಗಳಲ್ಲಿ ಇದಕ್ಕೆ ಹಣ ಕೊಡಬೇಕಾಗಿಲ್ಲ, ಮಾತ್ರೆಗಳೂ ಅಲ್ಲಿ ಉಚಿತ. ಬಿ.ಪಿ.ಯ ಮೇಲಿನ ಅಂಕಿ 10 ಇಳಿದರೆ ಪಾರ್ಶ್ವವಾಯುವಿನ ಅಪಾಯ ಕಾಲುಭಾಗಕ್ಕೂ ಸ್ವಲ್ಪ ಹೆಚ್ಚೇ ತಗ್ಗುತ್ತದೆ. ಲಕ್ಷಣವಿಲ್ಲದವರಿಗೆ ಯಾವ ಸ್ಕ್ಯಾನಿಂಗೂ ಇಷ್ಟು ಉಪಕಾರ ಮಾಡಲಾರದು. ಬಿ.ಪಿ. ಹೆಚ್ಚಿದ್ದರೂ ತಲೆನೋವು ಇರಲೇಬೇಕೆಂದಿಲ್ಲ. ತಲೆನೋವಿಲ್ಲವೆಂದು ಮಾತ್ರೆ ಬಿಡಬೇಡಿ.

ಉಪ್ಪು ದಿನಕ್ಕೆ ಒಬ್ಬರಿಗೆ 5 ಗ್ರಾಂ, ಅಂದರೆ ಒಂದು ಟೀ ಚಮಚದಷ್ಟು ಸಾಕು. ಮುದ್ದೆ ಸಾರಿನ ಜೊತೆ ಉಪ್ಪಿನಕಾಯಿ, ಹಪ್ಪಳ, ಸಂಡಿಗೆ ಸೇರಿದರೆ ಇದು ಎಂದೋ ದಾಟಿರುತ್ತದೆ. ಬೀಡಿ ಬಿಡಿ. ಹೊಗೆಸೊಪ್ಪು, ಕಡ್ಡಿಪುಡಿಯನ್ನೂ ಬಿಡಿ. ಕ್ಷೌರದಂಗಡಿಯಲ್ಲಿ ಕತ್ತನ್ನು ಲಟಕ್ಕೆಂದು ತಿರುಗಿಸಿಕೊಳ್ಳುವ ಅಭ್ಯಾಸವೂ ಬೇಡ. ಅಪರೂಪಕ್ಕಾದರೂ ನಾಳದ ಒಳಪದರ ಹರಿದು ಹರೆಯದವರಿಗೂ ಲಕ್ವ ಆಗಿರುವುದುಂಟು.

ಮೇಷ್ಟ್ರು ಈಗ ತಿಂಗಳಿಗೊಮ್ಮೆ ಬರುತ್ತಾರೆ. ಮೊನ್ನೆ ಬಿ.ಪಿ. 130/80 ಇತ್ತು. "ಸ್ಕ್ಯಾನಿಂಗ್ ಮತ್ತೆ ಯಾವಾಗ ಮಾಡಿಸಲಿ?" ಎಂದು ಕೇಳಿದರು. "ಸದ್ಯಕ್ಕೆ ಬೇಡ, ಮಾತ್ರೆ ಮಾತ್ರ ತಪ್ಪಿಸಬೇಡಿ. ಕೈ ಸೋತರೆ, ಮಾತು ತೊದಲಿದರೆ, ಎರಡೇ ನಿಮಿಷವಾದರೂ ಸರಿ, ಅಂದೇ ಬನ್ನಿ" ಎಂದೆ. ಓದುಗರಿಗೂ ಇದೇ ನನ್ನ ಮಾತು. ನಿಮ್ಮ ಮನೆಯ ಹಿರಿಯರು ಯಾವಾಗಲಾದರೂ "ಒಂದ್ಸಲ ಹಂಗಾಗಿತ್ತು, ಸರಿಹೋಯ್ತು" ಎಂದಿದ್ದಾರೆಯೇ? ಇಂದು ಊಟಕ್ಕೆ ಕೂತಾಗ ಒಮ್ಮೆ ಕೇಳಿ ನೋಡಿ. ಹೌದೆಂದರೆ ಅವರಾಗಿಯೇ ಹೊರಡಲಿ ಎಂದು ಕಾಯದೆ ನೀವೇ ಕರೆದುಕೊಂಡು ಹೋಗಿ.